ಎಂಥ? ಹೇಗೆ? ಏನು ಮಾಡಿತು?
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಿ.ಇ. ಮುಗಿಸಿ ಹೋದ ಮೊದಲ ಸಂದರ್ಶನದಲ್ಲಿ ‘ನಾನು ಕಷ್ಟಪಟ್ಟು ದುಡಿಯುತ್ತೇನೆ’ ಎನ್ನುವ ಬದಲು ‘ಐ ಹಾರ್ಡ್ಲಿ ವರ್ಕ್’ ಎಂದುಬಿಟ್ಟೆ. ‘ನಾನು ಕೆಲಸ ಮಾಡುವುದೇ ಅಪರೂಪ’ ಎಂದು ಅದರ ಅರ್ಥ! ಎದುರಿಗಿದ್ದವರು ನಕ್ಕರು. ಆ ಕೆಲಸ ಸಿಗಲಿಲ್ಲ. ನಮ್ಮ ಮಕ್ಕಳಿಗೆ ಆ ನಗು ಎದುರಾಗಬಾರದೆಂದು ಇವತ್ತು ಸ್ವಲ್ಪ ವ್ಯಾಕರಣ ಮಾತಾಡುತ್ತೇನೆ.

ಇದು ನಿಮಗೆ ಹೊಸದಲ್ಲ. ‘ಲಗೂನ ಬಾ’ ಎಂದು ಅವ್ವ ಕರೆಯುತ್ತಾಳೆ. ಏನು ಮಾಡಬೇಕು? ಬರಬೇಕು. ಅದು ಕ್ರಿಯಾಪದ, ವರ್ಬ್. ಹೇಗೆ ಬರಬೇಕು? ಲಗೂನ. ಅದು ಕ್ರಿಯಾವಿಶೇಷಣ, ಅಡ್ವರ್ಬ್. ‘ಕೆಂಪು ಮೆಣಸಿನಕಾಯಿ’ ಎಂದಾಗ ಎಂಥ ಕಾಯಿ? ಕೆಂಪು. ಅದು ನಾಮವಿಶೇಷಣ, ಅಡ್ಜೆಕ್ಟಿವ್. ಇಂಗ್ಲಿಷ್ ವಾಕ್ಯಕ್ಕೂ ಇವೇ ಮೂರು ಪ್ರಶ್ನೆ ಹಾಕಿರಿ. ಅಡ್ವರ್ಬ್‌ಗೆ ‘ಯಾವಾಗ, ಎಲ್ಲಿ’ ಎಂಬುದನ್ನೂ ಸೇರಿಸಿರಿ.

ಪದದ ಬಾಲ ನೋಡಿ ಮೋಸ ಹೋಗಬೇಡಿ. ‘ಲಿ’ ಬಂದದ್ದೆಲ್ಲ ಅಡ್ವರ್ಬ್ ಅಲ್ಲ, ‘ಫ್ರೆಂಡ್ಲಿ’ ಅಡ್ಜೆಕ್ಟಿವ್. ‘ಫಾಸ್ಟ್ ಬಸ್’ನಲ್ಲಿ ‘ಫಾಸ್ಟ್’ ಅಡ್ಜೆಕ್ಟಿವ್, ‘ರನ್ ಫಾಸ್ಟ್’ನಲ್ಲಿ ಅಡ್ವರ್ಬ್. ‘ಹಾರ್ಡ್’ ಕೂಡ ಹೀಗೆಯೇ. ನಾನು ಹೇಳಬೇಕಿದ್ದದ್ದು ‘ಐ ವರ್ಕ್ ಹಾರ್ಡ್’.

ನಮ್ಮ ಕನ್ನಡವೂ ಒಂದು ಕಡೆ ಎಡವಿಸುತ್ತದೆ. ‘ಚೆನ್ನಾಗಿ ಹಾಡಿದಳು’, ‘ಊಟ ಚೆನ್ನಾಗಿದೆ’ ಎರಡರಲ್ಲೂ ‘ಆಗಿ’ ಇದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಶಿ ಸ್ಯಾಂಗ್ ವೆಲ್’, ಎರಡನೆಯದು ‘ದ ಫುಡ್ ಈಸ್ ಗುಡ್’. ಹಾಡಿದ ರೀತಿ ಹೇಳಿದರೆ ಅಡ್ವರ್ಬ್, ಊಟದ ಗುಣ ಹೇಳಿದರೆ ಅಡ್ಜೆಕ್ಟಿವ್.

ವಿಶೇಷಣದ ಬೆಲೆ ತಿಳಿಯಲು ನಮ್ಮ ಭಾಗದ ಮಸ್ಕಿಗೇ ಹೋಗಿ. ‘ದೇವಾನಂಪಿಯ’ ಅಂದರೆ ದೇವರಿಗೆ ಪ್ರಿಯನಾದ. ಬೇರೆ ಬಹಳಷ್ಟು ಶಾಸನಗಳಲ್ಲಿ ರಾಜನ ಗುಣ ಹೇಳುವ ಇಂಥ ಬಿರುದುಗಳಷ್ಟೇ ಇದ್ದವು. ಎಂಥವನು ಎಂದು ತಿಳಿಯಿತು, ಯಾರು ಎಂದು ತಿಳಿಯಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಂಡ ಮಸ್ಕಿಯ ಬಂಡೆಯಲ್ಲಿ ಆ ವಿಶೇಷಣದ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಿತು.

ತಮ್ಮ ತಂಗಿಯರೇ, ಇಂಗ್ಲಿಷ್ ತಪ್ಪಾದರೆ ನಾಚಬೇಡಿ, ತಿದ್ದಿಕೊಳ್ಳಿ. ಈ ಪ್ರಶ್ನೆಗಳನ್ನು ಕೇಳುವುದು ಕಲಿಸಿದ್ದು ಇದೇ ಶಾಲೆ. ನನಗೆ ಅದು ನೆನಪಾದದ್ದು ತಡವಾಗಿ. ನಿಮಗೆ ಲಗೂನ ನೆನಪಾಗಲಿ.