ಮೃಗದ ಕಸ್ತೂರಿ, ಸೀಸೆಯ ಕಸ್ತೂರಿ



ನಮ್ಮ ನುಡಿಯನ್ನು ಕಸ್ತೂರಿ ಕನ್ನಡವೆಂದು ಕರೆದು ನಾವು ಹಿಗ್ಗುತ್ತೇವೆ. ತಿರುಳ್ಗನ್ನಡದ ನೆಲೆಯೆಂದು ಹೆಸರಾದ ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರ, ನಮ್ಮ ನೆರೆಯ ಊರು. ಆದರೆ ಗದಗು-ಬೆಟಗೇರಿಯಿಂದ ಶಿರಹಟ್ಟಿ, ಮುಂಡರಗಿಗಳವರೆಗೆ ಕಪ್ಪತಗುಡ್ಡದ ತಪ್ಪಲನ್ನೆಲ್ಲ ಹುಡುಕಿದರೂ ಕಸ್ತೂರಿಮೃಗವೊಂದು ಸಿಕ್ಕಲಾರದು. ಅದು ಹಿಮಾಲಯ, ಟಿಬೆಟ್ಟು, ಸೈಬೀರಿಯಗಳ ಚಳಿನಾಡಿನ ಪ್ರಾಣಿ. ಕನ್ನಡಿಗನು ಮೃಗವನ್ನು ಕಾಣದೆಯೇ ಅದರ ಪರಿಮಳವನ್ನು ತನ್ನ ಮಾತಿಗೆ ಉಪಮಾನ ಮಾಡಿಕೊಂಡನು.

ಇದು ವರ್ತಕರಿಂದ ಬಂದ ಪರಿಚಯ. ಅಯ್ಯಾವೊಳೆಯ ಐನೂರ್ವರ ಸರಕುಗಳನ್ನು ವರ್ಣಿಸುವ 1055ರ ಶಿಕಾರಿಪುರದ ಶಾಸನದಲ್ಲಿ ಲವಂಗ, ಶ್ರೀಗಂಧ, ಕರ್ಪೂರಗಳ ಸಾಲಿನಲ್ಲಿ ಕಸ್ತೂರಿಯೂ ಉಂಟು. ಅದಕ್ಕೆ ಮೂವತ್ತು ವರ್ಷ ಮುಂಚೆ, 1025ರಲ್ಲಿ, ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಸುಗಂಧಗಳನ್ನು ಕೂಡಿಸುವ ವಿಚಾರಕ್ಕೇ ಒಂದು ಅಧ್ಯಾಯವಿದೆ. ಬಾವಿ ತೋಡುವುದನ್ನೂ ಅಡಿಗೆಯನ್ನೂ ಹೇಳಿದ ಗ್ರಂಥದಲ್ಲಿ ಗಂಧಕ್ಕೂ ಎಡೆಯಿತ್ತೆಂಬುದು ಗಮನಿಸತಕ್ಕ ಸಂಗತಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವಂತೂ ಅರಸನ ಮೈಗೆ ಹಚ್ಚುವ ಲೇಪನಗಳನ್ನೇ ಬೇರೆಯಾಗಿ ವಿವರಿಸುತ್ತದೆ.

ಇನ್ನು ಮೃಗದ ಮಾತು. ಅದನ್ನು ಜಿಂಕೆಯೆಂದು ಕರೆಯುವುದು ರೂಢಿ; ನಿಜವಾಗಿ ಅದರ ಕುಲವೇ ಬೇರೆ. ಅದಕ್ಕೆ ಕೊಂಬಿಲ್ಲ. ಗಂಡಿಗೆ ಮೇಲ್ದವಡೆಯಿಂದ ಕೆಳಗಿಳಿದ ಎರಡು ಕೋರೆಹಲ್ಲುಗಳಿವೆ. ಕಸ್ತೂರಿ ಇರುವುದು ನಾಭಿಯೊಳಗಲ್ಲ. ನಾಭಿಗೂ ಜನನೇಂದ್ರಿಯಕ್ಕೂ ನಡುವಣ ಒಂದು ಚೀಲದಲ್ಲಿ, ಅದೂ ಗಂಡಿನಲ್ಲಿ ಮಾತ್ರ. ಹಸಿಯಾಗಿದ್ದಾಗ ಅದರ ನಾತವನ್ನು ಯಾರೂ ಪರಿಮಳವೆನ್ನಲಾರರು. ಒಣಗಿ ಕಗ್ಗೆಂಪು ಹರಳಾಗಿ, ಮದ್ಯಸಾರದಲ್ಲಿ ಬಹಳ ತೆಳುವಾಗಿ ಕರಗಿದ ಮೇಲೆಯೇ ಅದು ನಾವು ಬಲ್ಲ ಕಸ್ತೂರಿಯಾಗುವುದು. ಗುಲಾಬಿಯ ವಾಸನೆ ಬೇಗನೆ ಹಾರಿಹೋಗುತ್ತದೆ. ಕಸ್ತೂರಿ ಸೇರಿದರೆ ನಿಲ್ಲುತ್ತದೆ. ಸುಗಂಧಕಾರರು ಅದಕ್ಕೆ ಚಿನ್ನದ ಬೆಲೆ ಕೊಟ್ಟುದು ಈ ನಿಲ್ಲಿಸುವ ಗುಣಕ್ಕಾಗಿಯೂ ಹೌದು.

ಬೆಲೆಯಿದ್ದಲ್ಲಿ ಕಲಬೆರಕೆ. ಚೀಲದೊಳಗೆ ಒಣರಕ್ತವನ್ನೂ ಸೀಸದ ಚೂರನ್ನೂ ತುಂಬುತ್ತಿದ್ದರು. ಬೆಳ್ಳುಳ್ಳಿಯ ರಸದಲ್ಲಿ ಅದ್ದಿದ ದಾರವನ್ನು ಸೂಜಿಯಿಂದ ಚೀಲದಲ್ಲಿ ಹಾಯಿಸಿದಾಗ ಬೆಳ್ಳುಳ್ಳಿಯ ವಾಸನೆ ಹೋದರೆ ಮಾಲು ಶುದ್ಧವೆಂದು ಹಳೆಯ ವರ್ತಕರು ಪರೀಕ್ಷಿಸುತ್ತಿದ್ದರಂತೆ. ಮೋಸ ಹೋದವನಿಗಾದರೂ ಹೋದುದು ಹಣ. ಮೃಗಕ್ಕೆ ಹೋದುದು ಪ್ರಾಣ. ಒಂದು ಚೀಲದಲ್ಲಿ ಸುಮಾರು 25 ಗ್ರಾಮು. ಒಂದು ಕಿಲೋ ಕೂಡಿಸಬೇಕಾದರೆ ಸುಮಾರು 40 ಗಂಡುಮೃಗಗಳು ಸಾಯಬೇಕು. ಬೇಟೆಗಾರನ ಉರುಲಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಕಸ್ತೂರಿಯೇ ಇಲ್ಲದ ಹೆಣ್ಣುಗಳೂ ಮರಿಗಳೂ ಅದರಲ್ಲಿ ಸಿಕ್ಕಿ ಸತ್ತವು.

ಬಿಡುಗಡೆಯ ದಾರಿ ತೆರೆದುದು ರಸಾಯನಶಾಲೆಯಲ್ಲಿ, ಅದೂ ವಿಚಿತ್ರವಾಗಿ. 1888ರಲ್ಲಿ ಆಲ್ಬರ್ಟ್ ಬಾವರ್ ಎಂಬಾತನು ಸಿಡಿಮದ್ದಿನ ದ್ರವ್ಯಗಳನ್ನು ಶೋಧಿಸುತ್ತಿದ್ದಾಗ ಪಾತ್ರೆಯಿಂದ ಕಸ್ತೂರಿಯ ವಾಸನೆ ಹೊಮ್ಮಿತು! ಇದು ಮೃಗದ ಕಸ್ತೂರಿಯಲ್ಲ, ಅದರ ವಾಸನೆಯ ಅನುಕರಣ. ನಿಜವಾದ ವಾಸನಾದ್ರವ್ಯವಾದ ಮಸ್ಕೋನನ್ನು 1906ರಲ್ಲಿ ವಾಲ್‌ಬಾಮ್ ಬೇರ್ಪಡಿಸಿದನು. 1926ರಲ್ಲಿ ರುಜಿಚ್ಕನು ಅದರ ರಚನೆಯನ್ನು ತಿಳಿಸಿದನು: ಹದಿನೈದು ಇಂಗಾಲದ ಪರಮಾಣುಗಳು ಕೈಹಿಡಿದು ನಿಂತ ಒಂದು ಬಳೆ. ಅಷ್ಟು ದೊಡ್ಡ ಬಳೆ ನಿಲ್ಲಲಾರದೆಂಬುದು ಆಗಿನ ಪಂಡಿತರ ಮತ. ಮೃಗವು ಅದನ್ನು ಎಂದಿನಿಂದಲೋ ಮಾಡುತ್ತಿತ್ತು. ಇಂಥ ಬಳೆಗಳ ಸಂಶೋಧನೆಗೂ ಸೇರಿ ರುಜಿಚ್ಕನಿಗೆ 1939ರ ನೊಬೆಲ್ ಪಾರಿತೋಷಕ ಬಂದಿತು.

ಕೃತಕವೆಲ್ಲ ನಿರಪಾಯವೆಂದು ನಮ್ಮ ಅಭಿಪ್ರಾಯವಲ್ಲ. ಬಾವರನ ಬಳಗದ ಮಸ್ಕ್ ಆಂಬ್ರೆಟ್ ನರಗಳಿಗೂ ಚರ್ಮಕ್ಕೂ ಕೆಡಕೆಂದು ಬಳಕೆಯಿಂದ ಹೋಯಿತು. ಸಾಬೂನುಪುಡಿಗಳಲ್ಲಿ ಹರಡಿದ ಗೆಲಾಕ್ಸೊಲೈಡು ಬಟ್ಟೆಯಿಂದ ಚರಂಡಿಗೆ, ಅಲ್ಲಿಂದ ನದಿಗೆ ಇಳಿದು ಬೇಗ ಕರಗದೆ ಉಳಿಯುತ್ತದೆ. ತಾಯಿಯ ಹಾಲಿನಲ್ಲಿಯೂ ಅದನ್ನು ಕಂಡಿದ್ದಾರೆ. ಬಟ್ಟೆ ಒಗೆಯಲು ಪರಿಮಳವೇಕೆಂಬ ಪ್ರಶ್ನೆಯನ್ನು ಮನೆಯೊಡತಿಯರಿಗೇ ಬಿಡುತ್ತೇವೆ.

ನಮ್ಮ ಕಡೆ ಅತ್ತಾರ ಎಂಬ ಅಡ್ಡಹೆಸರಿನ ಮನೆತನಗಳಿವೆ. ಮದುವೆಯಲ್ಲಿ ಅತ್ತರು-ಗುಲಾಬು, ಪಾನಸುಪಾರಿ ಇಲ್ಲದೆ ಮರ್ಯಾದೆ ಪೂರ್ತಿಯಾಗದು. ಊರುಸಿನ ದಿನ ಹತ್ತಿಯ ಎಸಳನ್ನು ಅತ್ತರಿನಲ್ಲಿ ಅದ್ದಿ ಕಿವಿಯ ಮಡಿಕೆಯಲ್ಲಿಟ್ಟು ಹಿರಿಯರು ಹೊರಡುತ್ತಾರೆ. ಆ ಸೀಸೆಗಳಲ್ಲಿ ಕಸ್ತೂರಿಯೆಂದು ಬರೆದುದು ಕಾರಖಾನೆಯದೆಂದು ಕೇಳಿದಾಗ, "ಹಾಗಾದರೆ ಅದು ಕಳ್ಳಮಾಲೆ?" ಎಂದು ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು. ಅಲ್ಲ. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಕಸ್ತೂರಿಮೃಗವನ್ನು ಮೊದಲನೆಯ ಅನುಸೂಚಿಯಲ್ಲಿ ಸೇರಿಸಿ ಕಾಪಾಡಿದೆ. ಸೀಸೆಯದು ಕೃತಕವೆಂದು ಹೇಳಿ ಮಾರುವವನೇ ಸತ್ಯವಂತ. "ಅಸಲಿ ನಾಭಿ, ಹಿಮಾಲಯದ್ದು" ಎಂದು ಪಿಸುಗುಟ್ಟುವವನು ಸುಳ್ಳು ಹೇಳುತ್ತಿರಬೇಕು, ಇಲ್ಲವೆ ಅಪರಾಧ ಮಾಡುತ್ತಿರಬೇಕು. ಕೊಳ್ಳುವವನೂ ಅದರಲ್ಲಿ ಪಾಲುಗಾರನೇ.

ರಸಾಯನವೂ ಬೇಡ, ಪ್ರಾಣಿವಧೆಯೂ ಬೇಡವೆನ್ನುವವರಿಗೆ ಲತಾಕಸ್ತೂರಿಯಿದೆ. ಬೆಂಡೆಯ ಬಳಗದ ಈ ಗಿಡದ ಬೀಜವನ್ನು ಅಂಗೈಯಲ್ಲಿ ತಿಕ್ಕಿದರೆ ಕಸ್ತೂರಿಯ ಮೆಲುವಾಸನೆ ಬರುತ್ತದೆ. ಅದರೊಳಗಣ ದ್ರವ್ಯವೂ ರುಜಿಚ್ಕನ ಬಳೆಯಂಥದೇ.