ಹಳೆಯ ಚುಕ್ಕಿ, ಹೊಸ ಗೆರೆ

1993ರಲ್ಲಿ ಅಮೆರಿಕದ ಲ್ಯೂಕಾಸ್‌ಆರ್ಟ್ಸ್ ಸಂಸ್ಥೆ ‘ಡೇ ಆಫ್ ದ ಟೆಂಟಕಲ್’ ಎಂಬ ಸಾಹಸದ ಕಂಪ್ಯೂಟರ್ ಆಟವನ್ನು ಹೊರತಂದಿತು. 2016ರಲ್ಲಿ ಅದೇ ಆಟ ಹೊಸ ಚಿತ್ರ, ತಿಳಿಗೊಳಿಸಿದ ದನಿಯೊಂದಿಗೆ ಮತ್ತೆ ಬಂತು. ಹೀಗೆ ಹಳೆಯದನ್ನು ಹೊಸ ಯಂತ್ರಗಳಿಗೆ ಸಜ್ಜುಗೊಳಿಸುವುದಕ್ಕೆ ರೀಮಾಸ್ಟರ್ ಎನ್ನುತ್ತಾರೆ. ಮೂಲಕ್ಕೆ ನಿಷ್ಠವಾಗಿರುವುದು ಹೇಗೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಮೊದಮೊದಲ ಸಾಹಸದ ಆಟಗಳಲ್ಲಿ ಚಿತ್ರವೇ ಇರಲಿಲ್ಲ. 1970ರ ದಶಕದ ನಡುವಿನಲ್ಲಿ ವಿಲ್ ಕ್ರೌದರ್ ಬರೆದ ಗುಹೆಯ ಆಟದಲ್ಲಿ ಎಲ್ಲವೂ ಬರೀ ಅಕ್ಷರ. ಎತ್ತ ಹೋಗಬೇಕು, ಏನನ್ನು ಎತ್ತಿಕೊಳ್ಳಬೇಕು ಎಂದು ನೀವೇ ಟೈಪ್ ಮಾಡಬೇಕು. 1980ರಲ್ಲಿ ರಾಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿ ‘ಮಿಸ್ಟರಿ ಹೌಸ್’ ಆಟಕ್ಕೆ ಗೆರೆಚಿತ್ರ ಸೇರಿಸಿದರು. ಟೈಪ್ ಮಾಡುವ ಪಾಡು ಮಾತ್ರ ತಪ್ಪಲಿಲ್ಲ. ನೀವು ಬಳಸಿದ ಪದ ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೆ ಆಟ ಅಲ್ಲೇ ನಿಂತಿತು.

ಆ ತೊಡಕನ್ನು ಬಿಡಿಸಿದ್ದು 1987ರ ‘ಮೇನಿಯಾಕ್ ಮ್ಯಾನ್ಶನ್’. ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ಅದರ ಜನಕರು. ತೆಗೆ, ಮುಚ್ಚು, ಎತ್ತಿಕೋ, ಕೊಡು ಎಂಬಂಥ ಕ್ರಿಯಾಪದಗಳನ್ನು ಪರದೆಯ ಕೆಳಗೆ ಸಾಲಾಗಿ ಇಟ್ಟರು. ಮೊದಲು ಕ್ರಿಯಾಪದದ ಮೇಲೆ, ಆಮೇಲೆ ವಸ್ತುವಿನ ಮೇಲೆ ಒತ್ತಿದರೆ ಕೆಲಸವಾಯಿತು. ಆ ಆಟಕ್ಕೆಂದೇ ಕಟ್ಟಿದ ‘ಸ್ಕಮ್’ ಎಂಬ ತಂತ್ರಾಂಶ ಮುಂದೆ ಸುಮಾರು ಹತ್ತು ವರ್ಷ ಲ್ಯೂಕಾಸ್‌ಆರ್ಟ್ಸ್‌ನ ಸಾಹಸದ ಆಟಗಳಿಗೆ ಬೆನ್ನೆಲುಬಾಯಿತು.

‘ಮೇನಿಯಾಕ್ ಮ್ಯಾನ್ಶನ್’ನ ಮುಂದಿನ ಕತೆಯೇ ‘ಡೇ ಆಫ್ ದ ಟೆಂಟಕಲ್’. ಡೇವ್ ಗ್ರಾಸ್‌ಮನ್ ಮತ್ತು ಟಿಮ್ ಶೇಫರ್ ಜೊತೆಯಾಗಿ ನಿರ್ದೇಶಿಸಿದರು. ತಿಕ್ಕಲು ವಿಜ್ಞಾನಿಯೊಬ್ಬನ ಯಂತ್ರದಿಂದ ಹೊರಟ ಕೊಳಕು ನೀರನ್ನು ಕುಡಿದ ನೇರಳೆ ಬಣ್ಣದ ಪ್ರಾಣಿಯೊಂದಕ್ಕೆ ಕೈ ಮೂಡುತ್ತದೆ, ಜಗತ್ತನ್ನೇ ಆಳುವ ಹುಚ್ಚೂ ಹಿಡಿಯುತ್ತದೆ. ಅದನ್ನು ತಡೆಯಲು ಮೂವರು ಗೆಳೆಯರು ಹಿಂದಿನ ದಿನಕ್ಕೆ ಹೊರಡುತ್ತಾರೆ. ಅವರನ್ನು ಒಯ್ಯುವ ಕಾಲಯಂತ್ರದ ವಜ್ರ ನಕಲಿ. ಹಾಗಾಗಿ ‘ಹೋಗಿ’ ಎಂಬ ಹೆಸರಿನವನು 200 ವರ್ಷ ಹಿಂದಕ್ಕೆ ಬೀಳುತ್ತಾನೆ, ಲವರ್ನ್ 200 ವರ್ಷ ಮುಂದಕ್ಕೆ ಹಾರುತ್ತಾಳೆ, ಬರ್ನಾರ್ಡ್ ಇಂದಿನ ಕಾಲದಲ್ಲೇ ಉಳಿಯುತ್ತಾನೆ. ಮನೆ ಒಂದೇ, ಕಾಲ ಮೂರು. ಸಣ್ಣಪುಟ್ಟ ವಸ್ತುಗಳನ್ನು ಮಾತ್ರ ಒಬ್ಬರಿಂದೊಬ್ಬರಿಗೆ ಕಳಿಸಬಹುದು.

ಇದರ ಒಂದು ಒಗಟನ್ನು ಕೇಳಿ. ಹೋಗಿಗೆ ಬ್ಯಾಟರಿ ಮಾಡಲು ವಿನೆಗರ್ ಬೇಕು. ಅವನ ಕಾಲದಲ್ಲಿ ಸಿಗುವುದು ವೈನ್ ಬಾಟಲಿ. ಥಾಮಸ್ ಜೆಫರ್ಸನ್ ಮುಂದಿನ ಪೀಳಿಗೆಯವರಿಗೆಂದು ನೆಲದಲ್ಲಿ ಹೂಳಲು ಸಿದ್ಧಪಡಿಸುತ್ತಿರುವ ಪೆಟ್ಟಿಗೆಯಲ್ಲಿ ಅವನು ಆ ಬಾಟಲಿಯನ್ನು ಸೇರಿಸುತ್ತಾನೆ. 400 ವರ್ಷ ಕಳೆದ ಮೇಲೆ ಲವರ್ನ್ ಅದನ್ನು ತೆರೆದಾಗ ವೈನ್ ಹುಳಿಯಾಗಿ ವಿನೆಗರ್ ಆಗಿರುತ್ತದೆ. ಅವಳು ಅದನ್ನು ಅವನಿಗೇ ಹಿಂದಕ್ಕೆ ಕಳಿಸುತ್ತಾಳೆ. ನಾಲ್ಕು ಶತಮಾನದ ಹುದುಗು ಕ್ಷಣಮಾತ್ರದಲ್ಲಿ ಕೈಗೆ ಬಂತು! ಕಾಲವನ್ನೇ ಉಪಕರಣ ಮಾಡಿಕೊಂಡ ಇಂಥ ಜಾಣ್ಮೆಗಾಗಿಯೇ ಈ ಆಟವನ್ನು ನಾನು ಆ ಪ್ರಕಾರದ ಶಿಖರ ಎನ್ನುತ್ತೇನೆ.

ಮುಂದೆ ಅಂಥ ಆಟಗಳ ಮಾರುಕಟ್ಟೆ ಕುಗ್ಗಿತು. 2012ರಲ್ಲಿ ಲ್ಯೂಕಾಸ್‌ಆರ್ಟ್ಸ್‌ನ ಮಾತೃಸಂಸ್ಥೆ ಲ್ಯೂಕಾಸ್‌ಫಿಲ್ಮ್ ಡಿಸ್ನಿಯ ಪಾಲಾಯಿತು. ಮರುವರ್ಷ ಲ್ಯೂಕಾಸ್‌ಆರ್ಟ್ಸ್‌ನ ಆಟ ತಯಾರಿಕೆ ನಿಂತೇಹೋಯಿತು. ಈ ನಡುವೆ ಹಳೆಯ ಆಟಗಳನ್ನು ಜೀವಂತ ಇಟ್ಟವರು ಅಭಿಮಾನಿಗಳು. 2001ರಲ್ಲಿ ಆರಂಭವಾದ ‘ಸ್ಕಮ್‌ವಿಎಂ’ ಎಂಬ ಉಚಿತ ತಂತ್ರಾಂಶ, ಮೂಲ ಕಡತಗಳು ಕೈಯಲ್ಲಿದ್ದರೆ ಯಾವ ಹೊಸ ಕಂಪ್ಯೂಟರಿನಲ್ಲೂ ಅವನ್ನು ಆಡಿಸುತ್ತದೆ. ಅವರ ಋಣ ದೊಡ್ಡದು.

ರೀಮಾಸ್ಟರನ್ನು ಕೈಗೆತ್ತಿಕೊಂಡದ್ದು ಟಿಮ್ ಶೇಫರ್ 2000ದಲ್ಲಿ ಕಟ್ಟಿದ ಡಬಲ್ ಫೈನ್ ಸಂಸ್ಥೆ. ಕೆಲಸ ಸುಲಭದ್ದಲ್ಲ. ಮೂಲ ಪರದೆ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕಿ, ಬಣ್ಣ 256. ಆ ಗಾತ್ರದಲ್ಲಿ ಬರ್ನಾರ್ಡನ ಕನ್ನಡಕವೆಂದರೆ ಕೆಲವೇ ಚುಕ್ಕಿಗಳು. ದೊಡ್ಡ ಪರದೆಗೆ ಅದನ್ನು ಮತ್ತೆ ಬರೆಯುವಾಗ ಕಲಾವಿದ ತೀರ್ಮಾನಿಸಲೇಬೇಕು: ಈ ಚುಕ್ಕಿ ಗಾಜಿನ ಹೊಳಪೋ, ಹುಬ್ಬಿನ ತುದಿಯೋ? ಹಿಂದೆ ನೋಡುವವರ ಕಣ್ಣು ತುಂಬಿಕೊಳ್ಳುತ್ತಿದ್ದ ಜಾಗವನ್ನು ಈಗ ಗೆರೆ ತುಂಬಬೇಕು. ತಂಡದವರು ಹಳೆಯ ಭಂಗಿ, ಹಳೆಯ ಡೊಂಕು ಬಾಗಿಲು, ಹಳೆಯ ಚಲನೆಯನ್ನೇ ಅನುಸರಿಸಿದರು. ಒಗಟುಗಳನ್ನು ಮುಟ್ಟಲಿಲ್ಲ.

ಹಳೆಯದು, ಹೊಸದು ಎರಡನ್ನೂ ಒಂದು ಗುಂಡಿಯಲ್ಲಿ ಬದಲಿಸಿ ನೋಡುವ ಅನುಕೂಲ ಲ್ಯೂಕಾಸ್‌ಆರ್ಟ್ಸ್‌ನ ಇನ್ನೊಂದು ಹಳೆಯ ಆಟ ‘ಮಂಕಿ ಐಲೆಂಡ್’ನ 2009ರ ವಿಶೇಷ ಆವೃತ್ತಿಯಲ್ಲೇ ಇತ್ತು. ಆದರೆ ಅಲ್ಲಿ ಹಳೆಯ ಚಿತ್ರಕ್ಕೆ ಹೋದರೆ ಪಾತ್ರಗಳ ದನಿ ನಿಲ್ಲುತ್ತಿತ್ತು. ಇಲ್ಲಿ ಚಿತ್ರ, ದನಿ, ಕ್ರಿಯಾಪದಗಳ ಪಟ್ಟಿ ಮೂರನ್ನೂ ಬೇರೆಬೇರೆಯಾಗಿ ಆರಿಸಿಕೊಳ್ಳಬಹುದು. ಪಂಪನ ಕಾವ್ಯವನ್ನು ಸಂಪಾದಿಸುವ ವಿದ್ವಾಂಸರು ತಾವು ಒಪ್ಪಿದ ಪಾಠವನ್ನು ಅಚ್ಚು ಮಾಡಿ, ಉಳಿದ ಪ್ರತಿಗಳ ಪಾಠಾಂತರಗಳನ್ನು ಪುಟದಡಿ ಕೊಡುತ್ತಾರಲ್ಲ, ಆ ಪ್ರಾಮಾಣಿಕತೆ ಇದರಲ್ಲಿದೆ. ಹೊಸ ಗೆರೆ ಒಪ್ಪಿಗೆಯಾಗದಿದ್ದರೆ ಹಳೆಯ ಚುಕ್ಕಿ ಅಲ್ಲೇ ಇದೆ, ನೀವೇ ತೂಗಿ ನೋಡಿ. ಆಟದ ನಡುನಡುವೆ ಮೂಲ ತಂಡದವರ ಮಾತುಗಳನ್ನೂ ಕೇಳಬಹುದು.

1993ರ ಆಟದಲ್ಲಿ ಒಂದು ಪಾತ್ರದ ಕೋಣೆಯಲ್ಲಿ ಕಂಪ್ಯೂಟರ್ ಇತ್ತು. ಅದರ ಮುಂದೆ ಕೂತರೆ ‘ಮೇನಿಯಾಕ್ ಮ್ಯಾನ್ಶನ್’ ಪೂರ್ತಿಯಾಗಿ ಆಡಲು ಸಿಗುತ್ತಿತ್ತು. 2016ರ ಆವೃತ್ತಿಯಲ್ಲೂ ಅದು ಇದೆ, ಹೊಸ ಬಣ್ಣ ಬಳಿಸಿಕೊಳ್ಳದೆ. ರೀಮಾಸ್ಟರ್ ಮಾಡುವವರಿಗೆ ಎಲ್ಲಿ ಕೈ ಹಾಕಬಾರದೆಂಬುದೂ ಗೊತ್ತಿರಬೇಕು; ಡಬಲ್ ಫೈನ್‌ನವರಿಗೆ ಅದು ಗೊತ್ತಿತ್ತು.