ಸಾಲಗಾರನೂ ಝಕಾತಿನ ಹಕ್ಕುದಾರ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇಂದು ಒಂದೇ ಬಾಗಲಕೋಟೆ ಜಿಲ್ಲೆಯಲ್ಲಿವೆ. ಸ್ವಾತಂತ್ರ್ಯಕ್ಕೆ ಮೊದಲು ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಆ ಘೋರ್ಪಡೆ ಮನೆತನದವರು ಆದಿಲ್‌ಶಾಹಿ ಸುಲ್ತಾನರ ಸರದಾರರಾಗಿದ್ದರು. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸುಲ್ತಾನರ ಪರವಾಗಿ ಸೆರೆಹಿಡಿದವರಲ್ಲಿ ಮುಧೋಳದ ಬಾಜಿ ಘೋರ್ಪಡೆಯೂ ಒಬ್ಬ. ಇತಿಹಾಸವನ್ನು ಹಿಂದೂ, ಮುಸ್ಲಿಂ ಎಂದು ಎರಡು ಪಾಲು ಮಾಡಲು ಹೊರಟವರಿಗೆ ನಮ್ಮ ಸೀಮೆ ಒಗ್ಗುವುದಿಲ್ಲ.

ಬಡತನವೂ ಹಾಗೆ ಪಾಲಾಗುವುದಿಲ್ಲ. ಬನಹಟ್ಟಿಯ ಓಣಿಯಲ್ಲಿ ಮಗ್ಗದ ಸದ್ದು ಕೇಳಿ ಇದು ಹಟಗಾರರ ಮನೆಯೋ, ದೇವಾಂಗರದೋ, ನಮ್ಮವರದೋ ಎಂದು ಹೇಳಲಾದೀತೇ? ನೂಲು ಮಾಲೀಕನದು, ಕೂಲಿ ಸೀರೆಗೆ ಇಷ್ಟು ಎಂದು. ಕರೆಂಟು ಹೋದರೆ ಕೂಲಿಯೂ ಹೋಯಿತು. ಮನೆಯ ಹೆಣ್ಣುಮಕ್ಕಳು ಕಂಡಿಕೆ ಸುತ್ತುವ ದುಡಿಮೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮದುವೆಗೋ ಆಸ್ಪತ್ರೆಗೋ ಮುಂಗಡ ತಂದವನು ಅದು ತೀರುವವರೆಗೆ ಬೇರೆ ಮಗ್ಗಕ್ಕೆ ಹೋಗುವಂತಿಲ್ಲ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಮುಳುಗಿದವರಲ್ಲೂ ಎಲ್ಲ ಜಾತಿ, ಎಲ್ಲ ಧರ್ಮದವರಿದ್ದಾರೆ.

ಸೂರಃ ಅತ್ತೌಬಃದ 60ನೇ ವಚನ ಝಕಾತಿಗೆ ಎಂಟು ವರ್ಗದವರನ್ನು ಹೆಸರಿಸುತ್ತದೆ. ಬಡವರು, ನಿರ್ಗತಿಕರು ನಮಗೆ ನೆನಪಿರುತ್ತಾರೆ. ಅದೇ ವಚನದಲ್ಲಿರುವ ಸಾಲಗಾರರನ್ನು ಮರೆಯುತ್ತೇವೆ. ರಂಝಾನ್ ಬಂತೆಂದರೆ ಬಾಗಿಲಿಗೆ ಬಂದವರಿಗೆಲ್ಲ ನೂರು ನೂರು ರೂಪಾಯಿ, ಜೊತೆಗೊಂದು ಸೀರೆ. ಸೀರೆ ನೇಯುವವರ ಊರಲ್ಲಿ ಸೀರೆ ದಾನ! ಹತ್ತು ಮನೆಯವರು ತಮ್ಮ ಶೇಕಡಾ ಎರಡೂವರೆಯನ್ನು ಕೂಡಿಸಿದರೆ ಒಬ್ಬ ನೇಕಾರನ ಮುಂಗಡ ತೀರಬಹುದು. ಆಮೇಲೆ ಅವನು ಯಾವ ಮಗ್ಗದಲ್ಲಿ ಕೂಲಿ ಹೆಚ್ಚೋ ಅಲ್ಲಿಗೆ ಹೋಗಬಲ್ಲ, ಮಗಳನ್ನು ಶಾಲೆ ಬಿಡಿಸದೆ ಇರಬಲ್ಲ.

ಮುಸ್ಲಿಮೇತರ ನೆರೆಯವನ ಸಾಲದ ಗತಿಯೇನು ಎಂದು ಕೆಲವರು ಕೇಳುತ್ತಾರೆ. ಝಕಾತಿಗೆ ಅದರದೇ ನಿಯಮಗಳಿವೆ. ಸದಕಾಕ್ಕೆ ಆ ಬೇಲಿ ಇಲ್ಲ. ಭಿಕ್ಷೆ ಬೇಡುತ್ತಿದ್ದ ಮುದಿ ಯಹೂದಿಯನ್ನು ಹಝ್ರತ್ ಉಮರ್(ರ) ಮನೆಗೆ ಕರೆದೊಯ್ದು, ಕೈಲಿದ್ದದ್ದನ್ನು ಕೊಟ್ಟು, ಬೈತುಲ್‌ಮಾಲ್‌ನಿಂದ ಅವನಿಗೂ ಅವನಂಥವರಿಗೂ ನೆರವು ಗೊತ್ತುಮಾಡಿದರೆಂದು ಇಮಾಮ್ ಅಬೂ ಯೂಸುಫ್ ದಾಖಲಿಸಿದ್ದಾರೆ. ನಮ್ಮ ಓಣಿಯ ಹಟಗಾರ ಅವನಿಗಿಂತ ದೂರದವನೇನಲ್ಲ.

ಇನ್ನೊಂದು ಮಸಲಾ. ಹನಫಿ ಫಿಕ್ಹ್ ಪ್ರಕಾರ ಝಕಾತನ್ನು ಹಕ್ಕುದಾರನ ಕೈಗೇ ಒಪ್ಪಿಸಬೇಕು. ಮಾಲೀಕನಿಗೆ ನೇರವಾಗಿ ಕಟ್ಟುವುದಾದರೆ ಮೊದಲು ಸಾಲಗಾರನ ಒಪ್ಪಿಗೆ ಪಡೆಯಿರಿ. ಅದನ್ನು ಹತ್ತು ಜನರ ಮುಂದೆ ಕೇಳಬೇಡಿ, ಮನೆಗೆ ಹೋಗಿ ಕೇಳಿ.